ಬಸುರಿಯ ಗಂಡನ ಕ್ಷೌರ

ಮನುಷ್ಯರಿಗೆ ಯಾವ ದಿನ ಬೇಕಾದರೂ ಕ್ಷೌರವಾಗಬಹುದು, ಕುದುರೆಗೆ ಮಾತ್ರ ದಿನ ನೋಡಲೇಬೇಕು ಎಂದು ನಂಬಿದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರಿದ್ದಾರೆ. ಲಾಸ್ ಏಂಜಲೀಸಿನ ಪೂರ್ವಕ್ಕೆ, ಪೊಮೊನಾ ದಾಟಿ ಸ್ವಲ್ಪ ದೂರದಲ್ಲಿ, ಹಿತ್ತಿಲಲ್ಲಿ ಕುದುರೆ ಕಟ್ಟಿಕೊಳ್ಳಲು ಅನುಮತಿ ಇರುವ ಒಂದು ಬೀದಿಯಲ್ಲಿ ಅವರ ಮನೆ. ದುರದೃಷ್ಟವೆಂದರೆ ಅವರು ನನ್ನ ಸೋದರಮಾವ.

ನಾನು ಬೆಂಗಳೂರಿನ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾವ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲೆ. ವಿರೋಧವಾಗಿ ಮಾತಾಡಿದ ದಿನ ಊಟ ಹೆಚ್ಚು ಸೇರುತ್ತದೆ. ಓದಲೆಂದು ಪೊಮೊನಾಕ್ಕೆ ಹೊರಟಾಗ ಅಮ್ಮ ಹೇಳಿದ್ದು ಎರಡೇ ಮಾತು: "ವಾರಕ್ಕೊಂದ್ಸಲ ಮಾವನ ಮನೆಗೆ ಹೋಗು. ಅಲ್ಲಿ ಹೋಗಿ ವಾದ ಮಾಡ್ಬೇಡ." ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ.

ಮಾವ ಸ್ಯಾನ್ ಡಿಯಾಗೋದಲ್ಲಿ ಬಹಳ ಕಾಲ ಟೆಲಿಕಾಂ ಎಂಜಿನಿಯರಾಗಿದ್ದರು. ಕೊರೊನಾ ವರ್ಷದಲ್ಲಿ ಕಂಪನಿಯವರು ಒಂದು ವೀಡಿಯೋ ಕಾಲ್‌ನಲ್ಲಿ ಕೈಮುಗಿದು ಮನೆಗೆ ಕಳಿಸಿದರು. ಹಾಗೆ ಮನೆಗೆ ಹೋದವರಲ್ಲಿ ಕೆಲವರು ಯೋಗ ಹಿಡಿದರು, ಕೆಲವರು ಮನೆ ಮಾರಾಟದ ಲೈಸೆನ್ಸ್ ತೆಗೆದುಕೊಂಡರು. ಮಾವ ಮನೆ ಬದಲಾಯಿಸಿ ಎರಡು ಮಿನಿಯೇಚರ್ ಕುದುರೆ ತಂದರು. ನನ್ನ ಸೊಂಟದಷ್ಟು ಎತ್ತರವಿಲ್ಲದ ಕುದುರೆಗಳು. "ದೊಡ್ಡ ನಾಯಿಗಿಂತ ಸ್ವಲ್ಪ ದೊಡ್ಡದು, ಸಣ್ಣ ತಪ್ಪಿಗಿಂತ ತುಂಬಾ ದೊಡ್ಡದು" ಎಂದು ಅತ್ತೆ ಅವುಗಳ ಅಳತೆ ಹೇಳುತ್ತಿದ್ದರು. ಗಂಡಿನ ಹೆಸರು ಶೀನ, ಹೆಣ್ಣಿನ ಹೆಸರು ಪದ್ದು. ಶೀನ ಬೀಜದ ಕುದುರೆಯೇ ಆದರೂ ಸ್ವಭಾವದಲ್ಲಿ ಗುಮಾಸ್ತ. ಮಕ್ಕಳ ಬರ್ತ್‌ಡೇ ಪಾರ್ಟಿಗಳಲ್ಲಿ ಎರಡು ಚಕ್ರದ ಪುಟ್ಟ ಗಾಡಿ ಎಳೆಯುವುದು ಅವನ ನೌಕರಿ. ಪದ್ದು ವೃದ್ಧಾಶ್ರಮಗಳಿಗೆ ಹೋಗಿ ಸುಮ್ಮನೆ ನಿಲ್ಲುತ್ತಾಳೆ, ಅಲ್ಲಿಯ ಅಜ್ಜ ಅಜ್ಜಿಯರು ಅವಳ ಕುತ್ತಿಗೆ ಸವರುತ್ತಾರೆ. ಸುಮ್ಮನೆ ನಿಂತು ಗೌರವ ಪಡೆಯುವ ಕೆಲಸ ಯಾವಾಗಲೂ ಕಷ್ಟವೇ. ನನಗಂತೂ ಸಾಧ್ಯವಾಗಿಲ್ಲ.

ಇನ್ನು ಕೂದಲಿನ ವಿಷಯ. ದಿನ ಚಿಕ್ಕದಾಗುತ್ತಿದ್ದಂತೆ ಈ ಕುದುರೆಗಳ ಮೈಮೇಲೆ ಚಳಿಗಾಲದ ಕೂದಲು ದಟ್ಟವಾಗಿ ಬೆಳೆಯುತ್ತದೆ. ಚಳಿ ನೋಡಿ ಬೆಳೆಯುವುದಲ್ಲ, ಬೆಳಕು ನೋಡಿ ಬೆಳೆಯುವುದು. ಸೂರ್ಯ ಬೇಗ ಮುಳುಗಿದರೆ ಹಿಮ ಬೀಳಲಿದೆ ಎಂದು ಇವುಗಳ ಹಿರಿಯರಿಗೆ ಯಾವುದೋ ಕಾಲದಲ್ಲಿ ಪಾಠವಾಗಿದೆ. ಡಿಸೆಂಬರಿನಲ್ಲೂ ಜನ ತೋಳಿಲ್ಲದ ಅಂಗಿ ಹಾಕಿ ಓಡಾಡುವ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೂ ಆ ಪಾಠ ಮರೆತಿಲ್ಲ. ಊರು ಬದಲಾದರೂ ಹಳೆಯ ಊರಿನ ಹವಾಮಾನಕ್ಕೇ ಕೂದಲು ಬೆಳೆಸಿಕೊಂಡು ಓಡಾಡುವ ಪ್ರಾಣಿಗಳನ್ನು ನಮ್ಮ ಜನಕ್ಕೆ ವಿವರಿಸಿ ಹೇಳಬೇಕೆ? ನಿಂತಿರುವ ಕುದುರೆಗೆ ಇದರಿಂದ ತೊಂದರೆಯಿಲ್ಲ. ದುಡಿಯುವ ಕುದುರೆ ಮಾತ್ರ ಆ ಕಂಬಳಿಯೊಳಗೆ ಬೇಯುತ್ತದೆ. ಬೆವರು ಬೇಗ ಆರುವುದಿಲ್ಲ, ಸಂಜೆಯ ಗಾಳಿಗೆ ನಡುಗುತ್ತದೆ. ಆದ್ದರಿಂದ ಶರತ್ಕಾಲದಲ್ಲಿ ಕ್ಲಿಪ್ಪರ್ ಹಿಡಿದು ಮೈಕೂದಲು ಇಳಿಸಬೇಕು. ಇದು ಈ ಕಸುಬಿನ ಸಾಮಾನ್ಯ ತಿಳಿವಳಿಕೆ.

ಮಾವನ ತಿಳಿವಳಿಕೆ ಅಸಾಮಾನ್ಯವಾದದ್ದು. ಮಂಗಳವಾರ ಕೂದಲು ತೆಗೆಯಬಾರದು, ಶುಕ್ರವಾರ ತೆಗೆಯಬಾರದು. ಅಮಾವಾಸ್ಯೆ ಬೇಡ, ಏಕಾದಶಿ ಬೇಡ, ದೀಪ ಹಚ್ಚಿದ ಮೇಲೆ ಬೇಡವೇ ಬೇಡ. ಜನ್ಮನಕ್ಷತ್ರದ ದಿನವಂತೂ ಕ್ಲಿಪ್ಪರ್ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ.

"ಯಾರ ಜನ್ಮನಕ್ಷತ್ರ ಮಾವ, ನಿಮ್ಮದಾ?" ಎಂದು ಮೊದಲ ವರ್ಷ ಕೇಳಿದೆ.

"ನಂದ್ಯಾಕೆ? ಕೂದಲು ತೆಗೆಸ್ಕೊಳೋನು ಅವನು."

"ಅವನು ಹುಟ್ಟಿದ ಹೊತ್ತು ನಿಮಗೆ ಹೇಗೆ ಗೊತ್ತು?"

ಅದನ್ನವರು ಮಾರಿದಾಕೆಯ ಹತ್ತಿರ ಕೇಳಿದ್ದರಂತೆ. ಸ್ಯಾನ್ ಡಿಯಾಗೋದ ಆಚೆ ಗುಡ್ಡಗಳಲ್ಲಿ ಕುದುರೆ ಸಾಕುವ ಆ ಹೆಂಗಸು ಬಹಳ ಯೋಚಿಸಿ, "ವಸಂತದಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲು" ಎಂದಿದ್ದಳಂತೆ. ಇಷ್ಟರಿಂದ ಜಾತಕ ಬರೆಯಲಾಗದೆ ಮಾವ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ತೆಗೆದಿದ್ದರು. ಶೀನ ಶತಭಿಷ.

"ಹೆಸರಿಟ್ಟಿದ್ದು ನೀವೇ ಅಲ್ವಾ? ಅಂದ್ರೆ ನಕ್ಷತ್ರ ಆರಿಸಿದ್ದೂ ನೀವೇ ಆಯ್ತಲ್ಲ?"

"ಹೆಸರಿಟ್ಟಿದ್ದು ನಾನೇ ಕಣೇ. ಆ ಹೆಸರು ನನಗೆ ಹೊಳೀಬೇಕಲ್ಲ, ಹೊಳೆಸಿದ್ದು ಯಾರು?"

ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರ ಬಂದರೆ ತೀರ್ಪುಗಾರರು ಗಂಟೆ ಬಾರಿಸಿ ಕೂರಿಸುತ್ತಾರೆ. ಮಾವನ ಮನೆಯಲ್ಲಿ ಗಂಟೆ ಇರುವುದು ದೇವರ ಮಂಟಪದಲ್ಲಿ, ಬಾರಿಸುವವರೂ ಅವರೇ.

ಇಷ್ಟೇ ಆಗಿದ್ದರೆ ಹೇಗೋ ದಿನ ಸಿಗುತ್ತಿತ್ತು. ಆದರೆ ಅವರು ಎರಡು ಪಂಚಾಂಗ ನೋಡುತ್ತಿದ್ದರು, ಒಂದು ಇಲ್ಲಿನದು, ಒಂದು ಬೆಂಗಳೂರಿನದು. ತಿಥಿಗೆ ಯಾವುದು ಸರಿ ಎಂದು ಇಲ್ಲಿಯ ಜನ ಎಂದಿನಿಂದಲೋ ಜಗಳವಾಡುತ್ತಾರೆ. ಮಾವ ಜಗಳವಾಡದೆ ಎರಡನ್ನೂ ಪಾಲಿಸಿದರು. ಸೋಮವಾರ ಸಂಜೆ ಇಲ್ಲಿ ಕ್ಲಿಪ್ಪರಿಗೆ ಎಣ್ಣೆ ಬಿಡುವ ಹೊತ್ತಿಗೆ ಅಲ್ಲಿ ಮಂಗಳವಾರದ ಸೂರ್ಯ ಹುಟ್ಟಿರುತ್ತಾನೆ, ಎತ್ತಿಡಿ. ಬುಧವಾರ ಚೆನ್ನಾಗಿದೆ, ಆದರೆ ಅಲ್ಲಿ ಏಕಾದಶಿ. ಒಬ್ಬನೇ ಸೂರ್ಯನಿಂದ ಎರಡು ಕಡೆ ದಂಡ ವಸೂಲಿ ಮಾಡಿಸಿಕೊಳ್ಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಕೊನೆಗೂ ದಿನ ಸಿಕ್ಕ ಮೇಲೆ ಮಾವನ ಕೆಲಸ ನೋಡಬೇಕು. ಹಿಂದಿನ ದಿನವೇ ಶೀನನಿಗೆ ಸ್ನಾನ, ಮೈಯಲ್ಲಿ ಮಣ್ಣಿದ್ದರೆ ಬ್ಲೇಡ್ ಮೊಂಡಾಗುತ್ತದೆ. ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಉದ್ದುದ್ದ ಗೆರೆಯಲ್ಲಿ ಕ್ಲಿಪ್ಪರ್ ಓಡಿಸುತ್ತಾರೆ. ಆಗಾಗ ಬ್ಲೇಡನ್ನು ತಮ್ಮ ಮುಂಗೈಗೆ ತಾಗಿಸಿ ಬಿಸಿಯಾಯಿತೇ ಎಂದು ನೋಡುತ್ತಾರೆ, ಅಮ್ಮಂದಿರು ಹಾಲು ನೋಡಿದ ಹಾಗೆ. ಕ್ಲಿಪ್ಪರಿನ ಸದ್ದಿಗೆ ಶೀನ ಬೆಚ್ಚುತ್ತಿದ್ದುದರಿಂದ ಗಟ್ಟಿಯಾಗಿ ಮಗ್ಗಿ ಹೇಳುತ್ತಾರೆ. ಎರಡೊಂದ್ಲ ಎರಡರಿಂದ ಶುರುವಾಗಿ ಕುತ್ತಿಗೆ ಮುಗಿಯುವಾಗ ಏಳರ ಮಗ್ಗಿ, ಹೊಟ್ಟೆಯ ಹತ್ತಿರ ಹದಿಮೂರು. ಶೀನ ಕಣ್ಣು ಅರೆಮುಚ್ಚಿ ನಿಲ್ಲುತ್ತಾನೆ. ನನ್ನ ಕೆಲಸ ಹಗ್ಗ ಹಿಡಿಯುವುದು ಮತ್ತು ಕೂದಲು ನುಂಗುವುದು. ಅಂದು ಕಾಫಿಯಲ್ಲಿ ಕೂದಲು, ಸಾರಿನಲ್ಲಿ ಕೂದಲು. ಎರಡು ವಾರವಾದರೂ ತರಗತಿಯಲ್ಲಿ ಕೆಮ್ಮಿದರೆ ಶೀನ ಬರುತ್ತಿದ್ದ. ಕೆಲಸ ಮುಗಿದಾಗ ಕಾಡಿಗೆಗಪ್ಪಿನ ಶೀನ ಇಲಿಯ ಬಣ್ಣಕ್ಕೆ ತಿರುಗಿದ್ದ, ಒಳಗಿನ ಕೂದಲು ಬೇರೆ ಬಣ್ಣವಂತೆ. ಮುಂದಿನ ಪಾರ್ಟಿಯಲ್ಲಿ ಒಬ್ಬ ತಾಯಿ, "ಅಂಕಲ್, ಫೋಟೋದಲ್ಲಿರೋ ಕುದುರೆ ಬೇಕಿತ್ತು ನಮಗೆ" ಎಂದು ಹಟ ಹಿಡಿದಳು. "ಇದು ಅದೇ ಕಣಮ್ಮ, ಕಟಿಂಗ್ ಆಗಿದೆ" ಎಂದರೆ ಅವಳು ನಂಬಲಿಲ್ಲ.

ಇದು ಮೊದಲ ವರ್ಷ. ಎರಡನೇ ವರ್ಷ ಪದ್ದು ಗರ್ಭ ಕಟ್ಟಿದಳು.

ಸೆಪ್ಟೆಂಬರಿನ ಒಂದು ಭಾನುವಾರ ನಾನು ಕ್ಲಿಪ್ಪರ್ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದಾಗ ಮಾವ ಕೈ ಅಡ್ಡ ಮಾಡಿದರು.

"ಈ ಸಲ ಇಲ್ಲ. ಹೆಂಡ್ತಿಗೆ ಐದು ತಿಂಗಳು ತುಂಬಿದೆ. ಹೆರಿಗೆ ಆಗೋವರೆಗೂ ಶೀನನಿಗೆ ಕ್ಷೌರ ಇಲ್ಲ."

ಬಸುರಿಯ ಗಂಡ ಕೂದಲು ತೆಗೆಸಬಾರದು ಎಂಬ ಶಾಸ್ತ್ರ ನನಗೂ ಗೊತ್ತಿತ್ತು. ಅದು ನಾಲ್ಕು ಕಾಲಿನವರಿಗೂ ಅನ್ವಯಿಸುತ್ತದೆ ಎಂಬುದು ಗೊತ್ತಿರಲಿಲ್ಲ. ನಾನು ತಾಂತ್ರಿಕ ಆಕ್ಷೇಪವೊಂದನ್ನು ಎತ್ತಿದೆ.

"ಮಾವ, ಅವರಿಬ್ಬರಿಗೂ ಮದುವೇನೇ ಆಗಿಲ್ಲ."

"ಗಾಂಧರ್ವ" ಎಂದರು ಮಾವ, ಹುಲ್ಲು ಹಾಕುತ್ತ.

ಕುದುರೆಯ ಗರ್ಭ ಹನ್ನೊಂದು ತಿಂಗಳು. ಮಾರ್ಚಿಗೆ ಹೆರಿಗೆ. ಅಂದರೆ ಇಡೀ ಚಳಿಗಾಲ ಶೀನ ದೀಕ್ಷೆಯಲ್ಲಿ. ದೀಕ್ಷೆ ಎಂದ ಮೇಲೆ ಕೂದಲಿಗೇ ನಿಲ್ಲುತ್ತದೆಯೇ? ಸ್ಯಾನ್ ಡಿಯಾಗೋ ಕೊಲ್ಲಿಯ ಆಚೆ ದಡದಲ್ಲಿ ಯಾರದೋ ಮಗುವಿನ ಬರ್ತ್‌ಡೇಗೆ ಕರೆ ಬಂತು. ಮಾವ ಒಲ್ಲೆ ಎಂದರು. ಬಸುರಿಯ ಗಂಡ ಸಮುದ್ರ ದಾಟಬಾರದು.

"ಅಲ್ಲಿಗೆ ಸೇತುವೆ ಇದೆ ಮಾವ."

"ಸೇತುವೆ ಕೆಳಗೇನಿದೆ?"

ಅಡುಗೆಮನೆಯಿಂದ ಅತ್ತೆ ಸಾಕ್ಷಿ ಹೇಳಲು ಬಂದರು. "ನಾನು ಬಸುರಿಯಾಗಿದ್ದಾಗ ಇವರು ತಿಂಗಳು ತಿಂಗಳೂ ಕಟಿಂಗ್ ಮಾಡಿಸ್ಕೊಂಡು ಘಮಘಮ ಅಂತ ಬರ್ತಿದ್ರು ಕಣೇ. ಆಗ ಎಲ್ಲಿತ್ತೋ ಈ ಶಾಸ್ತ್ರ."

ಇದಕ್ಕಿಂತ ಒಳ್ಳೆಯ ಪುರಾವೆ ಯಾವ ವಾದಿಗೆ ಸಿಕ್ಕೀತು? ನಾನು ಎದ್ದು ನಿಂತೇ ಹೇಳಿದೆ. "ನೋಡಿ ಮಾವ, ನೀವು ಶಾಸ್ತ್ರ ಮುರಿದ್ರಿ. ನಿಮ್ಮ ಮಗಳು ಗುಂಡುಕಲ್ಲಿನ ಹಾಗೆ ಹುಟ್ಟಿದ್ಲು. ಏನು ದೋಷ ಆಯ್ತು ಅವಳಿಗೆ?"

"ದೋಷ ಇಲ್ವಾ? ಕನ್ನಡದಲ್ಲಿ ಮಾತಾಡಿಸಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ. ಯಾಕೆ ಅಂದ್ಕೊಂಡೆ?"

ಹೀಗೆ ನಗುತ್ತಲೇ ನಾನು ಸೋಲುತ್ತಿದ್ದೆ. ಆದರೆ ಒಂದನ್ನು ಗಮನಿಸಿದ್ದೆ. ಮಾವ ದಿನಕ್ಕೆ ಹಲವು ಸಲ ಪದ್ದುವಿನ ಹತ್ತಿರ ಹೋಗಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಒಳಗೆ ಮರಿ ಅಲುಗಾಡಿದರೆ ಅತ್ತೆಯನ್ನು ಕೂಗುತ್ತಿದ್ದರು, ಅತ್ತೆ ಬರುವಷ್ಟರಲ್ಲಿ ಅದು ನಿಂತಿರುತ್ತಿತ್ತು. "ಈಗ ಒದೀತು, ಆಣೆಗೂ" ಎನ್ನುತ್ತಿದ್ದರು. ಬೆಳಗ್ಗೆ ಎದ್ದರೆ ಎಲ್ಲಿಗೂ ಹೋಗಬೇಕಾಗಿಲ್ಲದ ಮನುಷ್ಯನಿಗೆ ಎದ್ದ ಕೂಡಲೇ ಹೋಗಿ ನೋಡಬೇಕಾದದ್ದು ಒಂದು ಸಿಕ್ಕಿತ್ತು. ಹಿತ್ತಿಲ ಮೂಲೆಯಲ್ಲಿ ಮರಿಗೆಂದು ಗಾಳಿ ಬೀಸದ ಹಾಗೆ ಮರದ ಗೂಡು ಕಟ್ಟಿದರು. ಅದರ ಬಾಗಿಲಿಗೆ ಮಾವಿನ ಎಲೆ ಬೇಕೆಂದು ಆರ್ಟೀಸಿಯಾದ ಭಾರತೀಯ ಅಂಗಡಿಗಳನ್ನೆಲ್ಲ ಸುತ್ತಿದರು.

ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ ಸ್ಯಾನ್ ಡಿಯಾಗೋದ ಒಂದು ಮನೆಯಲ್ಲಿ ಪಾರ್ಟಿ. ಸೇತುವೆ ಇಲ್ಲದ ಕಡೆ. ಆ ವಾರ ಮರುಭೂಮಿಯ ಕಡೆಯಿಂದ ಒಣ ಬಿಸಿಗಾಳಿ ಬೀಸುತ್ತಿತ್ತು, ನವೆಂಬರ್ ಕೊನೆ ಎಂದರೆ ಯಾರೂ ನಂಬದಂಥ ಬಿಸಿಲು. ಶೀನ ಅಷ್ಟು ಹೊತ್ತಿಗೆ ಕರಡಿಯಾಗಿದ್ದ. ಒಂದು ಮಗು ನಿಜವಾಗಿ ಹಾಗೇ ಕೇಳಿತು: "ಅಂಕಲ್, ಇಸ್ ಇಟ್ ಎ ಬೇರ್?" ಮಾವ ನಕ್ಕು ಅದನ್ನು ಗಾಡಿಗೆ ಹತ್ತಿಸಿಕೊಂಡರು. ಶೀನ ಹುಲ್ಲಿನ ಮೇಲೆ ಒಂದು ಸುತ್ತು ಹೊಡೆದ. ಎರಡನೆಯ ಸುತ್ತಿನ ನಡುವೆ ನಿಂತುಬಿಟ್ಟ. ಪಕ್ಕೆಗಳು ತಿದಿಯ ಹಾಗೆ ಏರಿಳಿಯುತ್ತಿದ್ದವು, ಗಾಡಿಗೆ ಬಿಗಿದ ಚರ್ಮದ ಪಟ್ಟಿಗಳ ಅಂಚಿನಲ್ಲಿ ಬಿಳಿ ನೊರೆ. ಮಾವ ಮಗುವನ್ನು ಇಳಿಸಿ, ಪಟ್ಟಿಗಳನ್ನು ಕಳಚಿ, ಅವನನ್ನು ನೆರಳಿಗೆ ಕರೆದೊಯ್ದು ನೀರು ಹುಯ್ದರು. ಕೂದಲಿನ ದಪ್ಪಕ್ಕೆ ನೀರು ಚರ್ಮ ಮುಟ್ಟಲು ಬಹಳ ಹೊತ್ತು ಬೇಕಾಯಿತು. ಬರ್ತ್‌ಡೇ ಮಗುವಿನ ತಾಯಿ ದೂರದಿಂದಲೇ, "ಅಂಕಲ್, ಅದಕ್ಕೆ ಹುಷಾರಿಲ್ಲ ಅಂದ್ರೆ ಯಾಕೆ ಕರ್ಕೊಂಡು ಬಂದ್ರಿ?" ಎಂದಳು.

ಹಿಂತಿರುಗುವಾಗ ಫ್ರೀವೇಯಲ್ಲಿ, ಹಿಂದೆ ಟ್ರೇಲರಿನಲ್ಲಿ ಶೀನ ನಿಂತಿರಲು, ನಾನು ನಗುವುದನ್ನು ಬಿಟ್ಟೆ.

"ಮಾವ, ಕೂದಲು ಅಂದ್ರೆ ಚರ್ಮದ ಹೊರಗಿರೋ ಸತ್ತ ವಸ್ತು. ಅವನ ಕೂದಲಿಗೂ ಬೇಲಿ ಆಚೆ ಇರೋ ಅವಳ ಗರ್ಭಕ್ಕೂ ಮಧ್ಯೆ ಇರೋದು ಬರೀ ಗಾಳಿ. ಪ್ರಪಂಚದಲ್ಲಿ ಎಷ್ಟು ಕುದುರೆಗಳ ಕೂದಲು ತೆಗೀತಾರೆ, ಮರಿ ಹುಟ್ತಾನೇ ಇಲ್ವಾ? ಇದ್ರಿಂದ ಅದಾಗತ್ತೆ ಅನ್ನೋದಕ್ಕೆ ಒಂದು ದಾರಿ ತೋರಿಸಿ, ಒಪ್ಕೋತೀನಿ."

ಅವರು ರಸ್ತೆ ನೋಡುತ್ತಿದ್ದರು. ನಾನು ಕೊನೆಯ ಬಾಣ ಬಿಟ್ಟೆ.

"ದೀಕ್ಷೆ ನಿಮ್ಮದು, ಬೆವರು ಅವನದು. ಇನ್ನೊಬ್ಬರ ಮೈಮೇಲೆ ಹಿಡಿಯೋ ವ್ರತಕ್ಕೆ ವ್ರತ ಅಂತಾರಾ?"

ಮಾವ ಸಿಗ್ನಲ್ ಹಾಕಿ ನಿಧಾನದ ಲೇನಿಗೆ ಬಂದರು. ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಎದುರಾಳಿ ಮೌನವಾದರೆ ಗೆದ್ದ ಹಾಗೆ ಎಂದು ನನಗೆ ಕಲಿಸಿದ್ದರು.

ಟ್ರೇಲರ್ ಇಳಿಸಿ ಶೀನನ ಮೈ ತೊಳೆದು ಒಣಗಿಸಿದ ಮೇಲೆ ಅವರೇ ಹೋಗಿ ಪೆಟ್ಟಿಗೆ ತಂದರು. ಶುಕ್ರವಾರ. ಪಂಚಾಂಗ ತೆಗೆಯಲೇ ಇಲ್ಲ. ಮೊದಲು ಶೀನನ ಮತ್ತು ಪದ್ದುವಿನ ಅಂಕಣಗಳ ನಡುವಿನ ಬೇಲಿಗೆ ಅತ್ತೆಯ ಹಳೆಯ ಬೆಡ್‌ಶೀಟ್ ಕಟ್ಟಿದರು, ಗಂಡನ ಕ್ಷೌರ ಹೆಂಡತಿಯ ಕಣ್ಣಿಗೆ ಬೀಳದಿರಲಿ ಎಂದು. ಆಮೇಲೆ ಕ್ಲಿಪ್ಪರ್ ಹಚ್ಚಿ ಮಗ್ಗಿ ಶುರು ಮಾಡಿದರು. ಅಂದು ಮಗ್ಗಿ ತಪ್ಪುತ್ತಿತ್ತು. ಎಂಜಿನಿಯರ್ ಮನುಷ್ಯ ಎಂಟರ ಮಗ್ಗಿಯಲ್ಲಿ ತಡವರಿಸಿ ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದರು. ಶೀನನಿಗೆ ಲೆಕ್ಕ ಬಾರದ್ದರಿಂದ ಅಲ್ಲಾಡದೆ ನಿಂತಿದ್ದ. ಬೆಡ್‌ಶೀಟ್ ತೆಗೆದಾಗ ಪದ್ದು ಈ ಇಲಿಬಣ್ಣದ ಪರಪುರುಷನನ್ನು ನೋಡಿ ಕಿವಿ ಹಿಂದಕ್ಕೆ ಮಾಡಿ ಕೆನೆದಳು.

"ಈಗ ಇಂಟರ್ವ್ಯೂಗೆ ಹೋಗೋ ಹಾಗಿದಾನೆ" ಎಂದರು ಅತ್ತೆ. ಮಾವ ನಗಲಿಲ್ಲ. ನಾನು ಮಾತ್ರ ಪೊಮೊನಾಕ್ಕೆ ಹೋಗುವ ದಾರಿಯುದ್ದಕ್ಕೂ ಹಾಡಿಕೊಂಡು ಹೋದೆ.

ಚಳಿಗಾಲವೆಲ್ಲ ಶೀನ ಸುಖವಾಗಿ ಗಾಡಿ ಎಳೆದ. ಪದ್ದು ತುಂಬಿಕೊಂಡಳು. ಮಾರ್ಚಿನ ಒಂದು ಬೆಳಗ್ಗೆ ಅತ್ತೆ ಫೋನ್ ಮಾಡಿ, "ಬರ್ತೀಯೇನೇ" ಎಂದರು, ಅಷ್ಟೇ.

ನಾನು ಹೋಗುವಾಗ ಎಲ್ಲ ಮುಗಿದಿತ್ತು. ಒಳಗೆ ಮರಿಯ ತಲೆ ಹಿಂದಕ್ಕೆ ತಿರುಗಿಕೊಂಡಿತ್ತಂತೆ. ವೆಟ್, ಅಂದರೆ ಕುದುರೆ ಡಾಕ್ಟರು, ಬರುವ ಹೊತ್ತಿಗೆ ತಡವಾಗಿತ್ತು. ಪದ್ದುವನ್ನು ಉಳಿಸಿದ್ದಳು, ಮರಿಯನ್ನಲ್ಲ. ಇಷ್ಟು ಚಿಕ್ಕ ಜಾತಿಯ ಕುದುರೆಗಳಲ್ಲಿ ಹೆರಿಗೆ ದೊಡ್ಡ ಕುದುರೆಗಳಿಗಿಂತ ಕಷ್ಟ, ಹೀಗಾಗುತ್ತಿರುತ್ತದೆ, ನೀವು ಮಾಡಬಹುದಾದದ್ದು ಏನೂ ಇರಲಿಲ್ಲ ಎಂದು ಆಕೆ ಕೈ ತೊಳೆಯುತ್ತ ಮಾವನಿಗೆ ಹೇಳುತ್ತಿದ್ದಳು. ಮಾವ ತಲೆಯಾಡಿಸುತ್ತಿದ್ದರು. ಮರಿ ಟವೆಲಿನ ಮೇಲೆ ಮಲಗಿತ್ತು. ಮೈತುಂಬ ಕೂದಲಿತ್ತು. ಪದ್ದು ಅದನ್ನು ನೆಕ್ಕಿ ನೆಕ್ಕಿ ಒಣಗಿಸಿದ್ದಳು.

ಸುದ್ದಿ ನಮ್ಮವರಲ್ಲಿ ಹರಡುವ ವೇಗಕ್ಕೆ ಮಾವನ ಟೆಲಿಕಾಂ ಸಾಟಿಯಲ್ಲ. ಆರ್ಟೀಸಿಯಾದಲ್ಲಿ ಸಿಹಿತಿಂಡಿಯ ಸಾಲಿನಲ್ಲಿ ಪರಿಚಯದ ಆಂಟಿಯೊಬ್ಬರು ಸಿಕ್ಕಿದರು. ಶೀನ ಕರಡಿಯಾಗಿದ್ದಾಗ, "ಕುದುರೆಗೂ ಶಾಸ್ತ್ರಾನಾ, ನಿಮ್ಮ ಮಾವನಿಗೆ ತಲೆ ಕೆಟ್ಟಿದೆ" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ಈಗ ದನಿ ತಗ್ಗಿಸಿ ಹೇಳಿದರು. "ವ್ರತ ಹಿಡಿದ ಮೇಲೆ ಬಿಡಬಾರದಿತ್ತು ನೋಡು. ಅದೂ ಶುಕ್ರವಾರ."

ನಾನು ಅಲ್ಲೇ, ಜಹಾಂಗೀರಿನ ತಟ್ಟೆಗಳ ಎದುರಿಗೆ, ಅವರ ಮಾತನ್ನು ತುಂಡು ತುಂಡು ಮಾಡಿ ಹಾಕಿದೆ. ಅವರು ಪೂರ್ತಿ ಕೇಳಿ, "ನೀವೆಲ್ಲ ಓದಿರೋರು ಬಿಡಿ" ಎಂದು ಜಿಲೇಬಿ ಕಟ್ಟಿಸಿಕೊಂಡರು. ನಂಬದೆ ನಗುವವರಿಗೂ ನಂಬಿ ಬೆದರಿಸುವವರಿಗೂ ಒಂದೇ ಬಾಯಿ ಇರುವುದು ಎಷ್ಟು ಅನುಕೂಲ, ಅಲ್ಲವೇ?

ಮಾವನಿಂದಲೂ ಅದೇ ಮಾತು ಬರುತ್ತದೆ ಎಂದು ಕಾದೆ. ಅದಕ್ಕೆ ಉತ್ತರವನ್ನು ಭಾಗಭಾಗವಾಗಿ ಸಿದ್ಧ ಮಾಡಿಕೊಂಡಿದ್ದೆ: ವೆಟ್ ಹೇಳಿದ್ದು, ಜಾತಿಯ ಗಾತ್ರ, ತಲೆ ತಿರುಗಿದ್ದು. ಒಂದು ಭಾನುವಾರ ಕಾದೆ, ಇನ್ನೊಂದು ಭಾನುವಾರ ಕಾದೆ. ಅವರು ಹುಲ್ಲು ಹಾಕಿದರು, ನೀರು ತುಂಬಿದರು, ಮರಿಗೆ ಕಟ್ಟಿದ್ದ ಗೂಡನ್ನು ಬಿಚ್ಚಿ ಹಲಗೆಗಳನ್ನು ಅಂದವಾಗಿ ಜೋಡಿಸಿಟ್ಟರು. ನನ್ನನ್ನು ಊಟ ಆಯ್ತೇನೇ ಎಂದು ಕೇಳಿದರು. ಆರೋಪವನ್ನೇ ಹೊರಿಸದ ಎದುರಾಳಿಗೆ ಯಾವ ಉತ್ತರ ಕೊಡುವುದು? ನನಗೆ ಸಿಟ್ಟೇ ಬಂದಿತ್ತು.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಮಾವ ಪದ್ದುವಿನ ಮೈ ಉಜ್ಜುತ್ತಿದ್ದರು. ದಿನ ಉದ್ದವಾದಂತೆ ಚಳಿಗಾಲದ ಕೂದಲು ತಾನಾಗಿಯೇ ಬಿಡುತ್ತದೆ. ಬ್ರಷ್ ಎಳೆದ ಕಡೆಯೆಲ್ಲ ಗೊಂಚಲು ಗೊಂಚಲಾಗಿ ಕಳಚಿ ಬೀಳುತ್ತಿತ್ತು. ನಾನು ಬೇಲಿಗೆ ಒರಗಿ ನಿಂತಿದ್ದೆ. ಅವರು ನನ್ನ ಕಡೆ ತಿರುಗದೆಯೇ ಹೇಳಿದರು.

"ಅವತ್ತು ಕಾರಲ್ಲಿ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳೇ."

"ಯಾವುದು ಮಾವ?"

"ಕೂದಲಿಗೂ ಮರಿಗೂ ಸಂಬಂಧ ಇಲ್ಲ ಅಂತ ಹೇಳಿದ್ಯಲ್ಲ. ಮೊದಲಿಂದ ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ."

ನಾನು ಹೇಳಿದೆ. ಫ್ರೀವೇಯಲ್ಲಿ ಹೇಳಿದ ಹಾಗಲ್ಲ, ಮೆಲ್ಲಗೆ, ಒಂದೊಂದನ್ನೇ ಅವರ ಕೈಗೆ ಕೊಟ್ಟಂತೆ ಹೇಳಿದೆ. ಬೆವರಿನ ಮಾತನ್ನು ಬಿಟ್ಟೆ. ವೆಟ್ ಹೇಳಿದ್ದನ್ನು ಸೇರಿಸಿದೆ. ಅವರು ಬ್ರಷ್ಷನ್ನು ಪದ್ದುವಿನ ಬೆನ್ನ ಮೇಲೆ ಇಟ್ಟು, ತಲೆ ತಗ್ಗಿಸಿ, ಪರೀಕ್ಷೆಗೆ ಪಾಠ ಕೇಳುವವರ ಹಾಗೆ ಕೇಳಿದರು.

"ಖಂಡಿತಾನಾ?" ಎಂದರು.

'ಪುರಾವೆ ಇಲ್ಲ' ಎನ್ನಬಹುದು, 'ಸಾಧ್ಯತೆ ತೀರಾ ಕಡಿಮೆ' ಎನ್ನಬಹುದು. ಖಂಡಿತ ಎಂಬ ಮಾತನ್ನು ನಾನು ಯಾವ ವೇದಿಕೆಯ ಮೇಲೂ ಬಳಸಿದವಳಲ್ಲ. ಬಳಸಿದವರನ್ನು ಅದೊಂದಕ್ಕೇ ಹಿಡಿದು ಸೋಲಿಸಿದವಳು.

"ಖಂಡಿತ ಮಾವ."

"ನನ್ನ ಕೈಯಿಂದ ಆಗಿದ್ದಲ್ಲ."

"ನಿಮ್ಮ ಕೈಯಿಂದ ಆಗಿದ್ದಲ್ಲ."

ಅವರು ತಲೆಯಾಡಿಸಿ, ಪದ್ದುವಿನ ಇನ್ನೊಂದು ಪಕ್ಕಕ್ಕೆ ಹೋಗಿ ಮತ್ತೆ ಉಜ್ಜತೊಡಗಿದರು. ಅಲ್ಲಿಂದ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಬಂತು.

"ಇನ್ನೊಂದ್ಸಲ ಹೇಳು."

ನಾನು ಮೊದಲಿಂದ ಶುರು ಮಾಡಿದೆ.